ಅಪ್ಪ ಅಮ್ಮನಿಗೊಂದು ಒನ್‌ಸೆನ್ ಹೋಟೆಲ್ ಹುಡುಕಿದ್ದು

ಟೋಕಿಯೊದ ನಿಶಿ-ಕಸಾಯ್‌ನಲ್ಲಿ ನಮ್ಮ ಮನೆ. ಪುತ್ತೂರಿನಿಂದ ಅಪ್ಪ ಅಮ್ಮ ಮೊದಲ ಸಲ ಬಂದಾಗ ಅವರಿಗೆ ಇಲ್ಲಿನ ಬಿಸಿನೀರಿನ ಬುಗ್ಗೆ, ಅಂದರೆ ಒನ್‌ಸೆನ್, ತೋರಿಸಲೇಬೇಕೆಂದು ನನಗೆ ಆಸೆ. ನಿಜವಾದ ಜಪಾನ್ ನೋಡಬೇಕಾದರೆ ರಿಯೋಕಾನ್ ಎನ್ನುವ ಸಾಂಪ್ರದಾಯಿಕ ಶೈಲಿಯ ಚಿಕ್ಕ ವಸತಿಗೃಹಕ್ಕೇ ಹೋಗಬೇಕು, ದೊಡ್ಡ ಹೋಟೆಲುಗಳಲ್ಲಿ ಏನೂ ಇಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ಹೇಳಿದರು. ಫೋಟೋಗಳಿಗೆ ಮರುಳಾಗಿ ಎಂಟು ಕೋಣೆಗಳ ಒಂದು ಹಳೆಯ ಮನೆಯನ್ನು ಬುಕ್ ಮಾಡಿದೆ.

ಆ ರಾತ್ರಿಯನ್ನು ನಾನು ಮರೆಯುವ ಹಾಗಿಲ್ಲ. ಊಟಕ್ಕೆ ಹನ್ನೆರಡು ಪುಟ್ಟ ಬಟ್ಟಲುಗಳು ಬಂದವು, ಒಂದೊಂದರಲ್ಲೂ ಮೀನು ಇತ್ತು, ಇಲ್ಲದಲ್ಲಿ ಮೀನಿನ ಸಾರವಾದರೂ ಇತ್ತು. ಅಮ್ಮ ಉಪ್ಪು ಹಾಕಿ ಬರೀ ಅನ್ನ ಉಂಡಳು. ನೆಲದ ಹಾಸಿಗೆಯಿಂದ ಏಳಲು ಅಪ್ಪನಿಗೆ ಮೊಣಕಾಲು ಬಗ್ಗಲಿಲ್ಲ, ರಾತ್ರಿ ಮೂರು ಸಲ ಗೋಡೆ ಹಿಡಿದು ಎದ್ದರು. ಸ್ನಾನದ ಮನೆಯ ಬಾಗಿಲ ತನಕ ಬಂದ ಅಮ್ಮ, ಒಳಗೆ ಬಟ್ಟೆಯಿಲ್ಲದೆ ಕೂತ ಹೆಂಗಸರನ್ನು ಕಂಡು ಅಲ್ಲಿಂದಲೇ ತಿರುಗಿದಳು. ಮನೆಯವರು ಪಾಪ, ಎಷ್ಟು ಸಲ ಬಗ್ಗಿ ಕ್ಷಮೆ ಕೇಳಿದರೋ. ತಪ್ಪು ಅವರದ್ದಲ್ಲ, ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಮೂರು ವರ್ಷ ಬಿಟ್ಟು ಅವರು ಮತ್ತೆ ಬಂದಾಗ ಬೇಕೆಂದೇ ದೊಡ್ಡ ಹೋಟೆಲನ್ನೇ ಹುಡುಕಿದೆ. ನಮ್ಮಂಥ ಕುಟುಂಬಕ್ಕೆ ಅದೇ ಸರಿ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಆದರೆ ಹುಡುಕಾಟ ಹೋಟೆಲಿನಿಂದ ಶುರುವಾಗಬಾರದು, ನೀರಿನಿಂದ ಶುರುವಾಗಬೇಕು.

ನನ್ನ ಮನಸ್ಸಿನಲ್ಲಿ ಮೊದಲು ಇದ್ದದ್ದು ಕುಸಾತ್ಸು. ಇಡೀ ಜಪಾನಿಗೆ ಹೆಸರಾದ ಊರು. ಆದರೆ ಅಲ್ಲಿನ ನೀರಿನ ಪಿಎಚ್ ಸುಮಾರು 2, ನಿಂಬೆರಸದಷ್ಟು ಹುಳಿ. ಅಲ್ಲಿಂದ ಹರಿದು ಹೋಗುವ ಹೊಳೆಯ ಆಮ್ಲ ತಗ್ಗಿಸಲು 1964ರಿಂದ ಸುಣ್ಣದ ನೀರು ಬೆರೆಸುತ್ತಿದ್ದಾರೆ. ಸಾಲದ್ದಕ್ಕೆ ಗಂಧಕ. ಗಂಧಕದ ನೀರಿಗೆ ಇಳಿದರೆ ಬೆಳ್ಳಿ ಕಪ್ಪಾಗುತ್ತದೆ. ಇಲ್ಲಿನವರು ಒಡವೆ ತೆಗೆದಿಟ್ಟು ನೀರಿಗಿಳಿಯುತ್ತಾರೆ, ಅವರಿಗೆ ಅದೊಂದು ಸಮಸ್ಯೆಯೇ ಅಲ್ಲ. ನನ್ನಮ್ಮ ಕಾಲುಂಗುರ ತೆಗೆಯುವವಳಲ್ಲ. ಮದುವೆಯಾದಂದಿನಿಂದ ತೆಗೆದಿಲ್ಲ. ಹಾಗಾಗಿ ಗಂಧಕದ ಊರುಗಳೆಲ್ಲ ಪಟ್ಟಿಯಿಂದ ಹೋದವು. ತೊಚಿಗಿ ಪ್ರಾಂತ್ಯದ ಕಿನುಗಾವಾ ಉಳಿಯಿತು. ಅಲ್ಲಿನದು ಸೌಮ್ಯವಾದ ಕ್ಷಾರೀಯ ನೀರು, ವಾಸನೆಯಿಲ್ಲ, ಮೈಗೆ ಸ್ವಲ್ಪ ನುಣುಪು. ಟೋಕಿಯೊದ ಅಸಾಕುಸಾದಿಂದ ತೋಬು ಕಂಪನಿಯ ರೈಲಿನಲ್ಲಿ ಎರಡು ಗಂಟೆ, ನಡುವೆ ರೈಲು ಬದಲಿಸುವ ಕೆಲಸವಿಲ್ಲ.

ನೀರಿನ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. 1948ರ ಕಾನೂನಿನ ಪ್ರಕಾರ ಭೂಮಿಯಿಂದ ಬರುವಾಗ 25 ಡಿಗ್ರಿ ಇದ್ದರೆ ಅದು ಒನ್‌ಸೆನ್. ಅಷ್ಟು ಬಿಸಿ ಇಲ್ಲದಿದ್ದರೂ ಪಟ್ಟಿಯಲ್ಲಿರುವ 19 ವಸ್ತುಗಳಲ್ಲಿ ಒಂದು ನಿಗದಿಯಷ್ಟಿದ್ದರೆ ಸಾಕು. 25 ಡಿಗ್ರಿ ಅಂದರೆ ನಮ್ಮೂರಿನ ಬಾವಿನೀರು! ಅದನ್ನು ಕಾಯಿಸಿ, ಶುದ್ಧಿ ಮಾಡಿ, ತಿರುಗಿಸಿ ತಿರುಗಿಸಿ ಬಳಸಿದರೂ ಬೋರ್ಡಿನಲ್ಲಿ ಒನ್‌ಸೆನ್ ಎಂದೇ ಇರುತ್ತದೆ. 2004ರಲ್ಲಿ ಒಂದು ಹೆಸರಾಂತ ಊರಿನ ನೀರಿಗೆ ಪುಡಿ ಬೆರೆಸಿ ಹಾಲುಬಣ್ಣ ಬರಿಸುತ್ತಿದ್ದದ್ದು ಹೊರಬಿದ್ದು ದೇಶವೆಲ್ಲ ಗದ್ದಲವಾಯಿತು. ಮಾರನೆಯ ವರ್ಷ ನಿಯಮ ಬಿಗಿಯಾಯಿತು. ತಣ್ಣೀರು ಸೇರಿಸುತ್ತಾರಾ, ಕಾಯಿಸುತ್ತಾರಾ, ಅದೇ ನೀರನ್ನು ತಿರುಗಿಸುತ್ತಾರಾ, ಕ್ಲೋರಿನ್ ಹಾಕುತ್ತಾರಾ, ಎಲ್ಲವನ್ನೂ ಬರೆದು ತೂಗುಹಾಕಬೇಕು. ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಆ ಕಾಗದ ಇರುತ್ತದೆ, ಹೋಗುವ ಮೊದಲೇ ಫೋನಿನಲ್ಲಿ ಕೇಳಿದರೂ ಹೇಳುತ್ತಾರೆ.

ಬುಗ್ಗೆಯಿಂದ ಬಂದ ನೀರು ತೊಟ್ಟಿ ತುಂಬಿ ಹಾಗೆಯೇ ಹೊರಗೆ ಹರಿದುಹೋಗುವ ಕ್ರಮಕ್ಕೆ ಕಾಕೆನಾಗಾಶಿ ಅನ್ನುತ್ತಾರೆ. ಅದೇ ಶ್ರೇಷ್ಠ ಎಂದು ಎಲ್ಲ ಕಡೆ ಬರೆದಿರುತ್ತದೆ. ನಾನೂ ಮೊದಲು ಅದನ್ನೇ ನಂಬಿದ್ದೆ. ಆದರೆ ದಿನಕ್ಕೆ ಐನೂರು ಜನ ಮೀಯುವ ತೊಟ್ಟಿಯಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯವಿದೆ, ಎಪ್ಪತ್ತು ದಾಟಿದ ಅಪ್ಪನ ಶ್ವಾಸಕೋಶಕ್ಕೆ ಅದು ಆಟವಲ್ಲ. ದೊಡ್ಡ ತೊಟ್ಟಿಯಲ್ಲಿ ಕ್ಲೋರಿನ್, ಹೊರಗಿನ ಚಿಕ್ಕ ತೊಟ್ಟಿಯಲ್ಲಿ ಹರಿವ ನೀರು, ಹೀಗೆ ಎರಡೂ ಇರುವ ಹೋಟೆಲು ನನಗೆ ಹಿಡಿಸಿತು. ಮುಚ್ಚಿಡದೆ ಹೇಳಿದ್ದು ಇನ್ನೂ ಹಿಡಿಸಿತು.

ಕಿನುಗಾವಾದ ಹೋಟೆಲುಗಳನ್ನು ಆರಿಸುವಾಗ ಅವುಗಳ ಕಥೆ ಗೊತ್ತಿದ್ದರೆ ಒಳ್ಳೆಯದು. ಕಂಪನಿಗಳು ನೌಕರರನ್ನೆಲ್ಲ ಬಸ್ಸಿನಲ್ಲಿ ತುಂಬಿಸಿ ಪ್ರವಾಸ ಕರೆದೊಯ್ಯುತ್ತಿದ್ದ ಕಾಲದಲ್ಲಿ ಹೊಳೆಯ ಎರಡೂ ದಡದಲ್ಲಿ ಇವು ಬೆಳೆದವು, ಮೂಲ ಕಟ್ಟಡಕ್ಕೆ ಹೊಸ ಕಟ್ಟಡ ಅಂಟಿಸಿ, ಅದಕ್ಕೆ ಇನ್ನೊಂದು ಅಂಟಿಸಿ. ತೊಂಬತ್ತರ ದಶಕದಲ್ಲಿ ದೇಶದ ಆರ್ಥಿಕತೆ ಕುಸಿಯಿತು, ಕಂಪನಿ ಪ್ರವಾಸಗಳು ಕಡಿಮೆಯಾದವು. ಸಾಲ ಕೊಟ್ಟಿದ್ದ ಅಶಿಕಾಗಾ ಬ್ಯಾಂಕೇ 2003ರಲ್ಲಿ ಮುಳುಗಿ ಸರ್ಕಾರದ ಕೈಗೆ ಹೋಯಿತು. ಹಲವು ಹೋಟೆಲುಗಳು ಬಾಗಿಲು ಹಾಕಿದವು. ಸೇತುವೆಯ ಮೇಲೆ ನಿಂತರೆ ಆ ಖಾಲಿ ಕಟ್ಟಡಗಳು ಈಗಲೂ ಕಾಣುತ್ತವೆ. "ಇಷ್ಟು ದೊಡ್ಡ ದೊಡ್ಡ ಮನೆಗಳಲ್ಲಿ ಒಂದು ನರಪಿಳ್ಳೆಯೂ ಇಲ್ವಾ?" ಎಂದು ಅಮ್ಮ ಬಹಳ ಹೊತ್ತು ಅವನ್ನೇ ನೋಡುತ್ತ ನಿಂತಳು.

ಹಾಗಾಗಿ ಒಂದೇ ಹೋಟೆಲಿನಲ್ಲಿ ಹಳೆಯ ಕಟ್ಟಡದ ಕೋಣೆಯೂ ಹೊಸತಾಗಿ ರಿಪೇರಿಯಾದ ಕೋಣೆಯೂ ಇರುತ್ತವೆ, ಫೋಟೋ ಮಾತ್ರ ಹೊಸತರದ್ದು. ನನ್ನ ಕೋಣೆ ಯಾವ ಕಟ್ಟಡದಲ್ಲಿ, ರಿಪೇರಿ ಯಾವ ವರ್ಷದ್ದು, ಸ್ನಾನಕ್ಕೆ ಹೋಗಲು ಎಷ್ಟು ಲಿಫ್ಟ್ ಬದಲಿಸಬೇಕು ಎಂದು ಕೇಳಿದೆ. ಹೊಳೆಯ ಕಮರಿಗೆ ಅಂಟಿಕೊಂಡ ಕಟ್ಟಡಗಳಲ್ಲಿ ಸ್ನಾನದ ಮನೆ ಕೆಳಗೆಲ್ಲೋ ಇರುತ್ತದೆ. ಮೊದಲು ಫೋನ್ ಮಾಡಿದ ಒಂದು ಕಡೆ ನಡುವೆ ಹದಿನಾಲ್ಕು ಮೆಟ್ಟಿಲು ಇದೆ ಎಂದರು. ಬಿಟ್ಟೆ. ಕೋಣೆ ವಾಯೋಷಿತ್ಸು ಬೇಕು ಎಂದೆ. ಅದರಲ್ಲಿ ತತಾಮಿ ಚಾಪೆಯ ಜಾಗವೂ ಇರುತ್ತದೆ, ಮಂಚವೂ ಇರುತ್ತದೆ. ಅಪ್ಪನಿಗೆ ಮಂಚ, ಚಾಪೆ ನನ್ನ ಮಗಳಿಗೆ.

ಇನ್ನು ಊಟ. ದೊಡ್ಡ ಹೋಟೆಲಿನ ಪರವಾಗಿ ನಾನು ವಾದಿಸುವುದಕ್ಕೆ ಮುಖ್ಯ ಕಾರಣವೇ ಇದು. ಅಲ್ಲಿ ಬಫೆ ಇರುತ್ತದೆ. ಇಲ್ಲಿ ಅದಕ್ಕೆ ಬೈಕಿಂಗು ಎನ್ನುತ್ತಾರೆ. 1958ರಲ್ಲಿ ಟೋಕಿಯೊದ ಇಂಪೀರಿಯಲ್ ಹೋಟೆಲು ಶುರುಮಾಡಿದ ಬಫೆಗೆ ವೈಕಿಂಗ್ ಎಂದು ಹೆಸರಿಟ್ಟಿತ್ತು, ಅದೇ ನಿಂತುಬಿಟ್ಟಿತು. ಕೋಣೆಗೆ ತಂದಿಡುವ ಊಟವನ್ನು ಬದಲಿಸುವುದು ಕಷ್ಟ, ಬಫೆಯಲ್ಲಿ ನಮಗೆ ಬೇಕಾದ್ದನ್ನು ನಾವೇ ಆರಿಸಬಹುದು. ಆದರೂ ಎಚ್ಚರ ಬೇಕು. ಮಿಸೊ ಸೂಪಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ತೆಂಪುರಾ ಎಂಬ ಬಜ್ಜಿ ಅದ್ದುವ ಸಾಸಿನಲ್ಲಿ ಒಣಗಿಸಿದ ಕತ್ಸುಒ ಮೀನಿನ ಸಾರ, ಅಂದರೆ ದಾಶಿ, ಇರುವುದೇ ಹೆಚ್ಚು. "ಮಾಂಸ ಇದೆಯಾ" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. "ಕತ್ಸುಒ ದಾಶಿ ಹಾಕಿದ್ದೀರಾ" ಎಂದೇ ಕೇಳಬೇಕು. ನಾನು ಒಂದು ವಾರ ಮೊದಲೇ ಫೋನ್ ಮಾಡಿದ್ದೆ. ಅಡುಗೆಯವರು ಸಾರ ಇಲ್ಲದ ತಿನಿಸುಗಳ ಪಟ್ಟಿಯನ್ನು ಕೈಯಲ್ಲಿ ಬರೆದಿಟ್ಟಿದ್ದರು: ತೋಫು, ಸಲಾಡು, ಹಣ್ಣು, ಅನ್ನ. ಮತ್ತೆ ಯುಬಾ. ಸೋಯಾ ಹಾಲು ಕಾಯುವಾಗ ಮೇಲೆ ಕಟ್ಟುವ ಕೆನೆ ಅದು, ಹತ್ತಿರದ ನಿಕ್ಕೊ ಊರಿನ ವಿಶೇಷ. ಅಮ್ಮ ಅದಕ್ಕೆ ಉಪ್ಪು ಉದುರಿಸಿ ಮೂರು ಸಲ ಹಾಕಿಸಿಕೊಂಡಳು. ಹೊರಗಿನ ತಿಂಡಿಯನ್ನು ಊಟದ ಹಾಲಿಗೆ ತರುವ ಹಾಗಿಲ್ಲ. ಕೋಣೆಯಲ್ಲಿ ಕೆಟಲ್ ಇತ್ತು, ರಾತ್ರಿ ಹಸಿವಾದರೆ ಇರಲಿ ಎಂದು ಗೊಜ್ಜವಲಕ್ಕಿ ಒಯ್ದಿದ್ದೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಇಲ್ಲಿ ಕೋಣೆಗಲ್ಲ, ತಲೆಗೆ ದರ, ಎರಡು ಹೊತ್ತಿನ ಊಟ ಸೇರಿ. ಮಂಗಳವಾರ ರಾತ್ರಿಗೆ ತಲೆಗೆ 15,400 ಯೆನ್ ಕೊಟ್ಟೆವು, ಅದೇ ಕೋಣೆ ಶನಿವಾರಕ್ಕೆ 23,000. ಮೇಲೆ ಸ್ನಾನದ ತೆರಿಗೆ 150 ಯೆನ್. ಮೈಮೇಲೆ ಹಚ್ಚೆ ಇದ್ದರೆ ಅದನ್ನೂ ಮೊದಲೇ ಕೇಳಿಕೊಳ್ಳಬೇಕು, ಹಲವು ಕಡೆ ಬಿಡುವುದಿಲ್ಲ.

ಕೊನೆಗೆ ಅಮ್ಮನ ಸಂಕೋಚ. ಬಾಗಿಲು ಹಾಕಿಕೊಂಡು ಮನೆಯವರಷ್ಟೇ ಮೀಯುವ ತೊಟ್ಟಿಯನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ, ಕಾಶಿಕಿರಿ ಎಂದು ಹೆಸರು. ಸಂಜೆ 50 ನಿಮಿಷಕ್ಕೆ ಅದನ್ನು ತೆಗೆದುಕೊಂಡೆ. ನಾನು, ಅಮ್ಮ, ಮಗಳು. ಮೊದಲು ಕುಳಿತು ಸೋಪು ಹಚ್ಚಿ ಮೈ ತೊಳೆಯಬೇಕು, ಆಮೇಲೆ ನೀರಿಗಿಳಿಯಬೇಕು, ಟವೆಲು ನೀರಿಗೆ ತಾಗಬಾರದು ಎಂದು ಮಗಳು ಅಜ್ಜಿಗೆ ಪಾಠ ಹೇಳಿದಳು. ಅಮ್ಮ ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿದಳು. "ನಮ್ಮ ಇರ್ದೆಯ ಬೆಂದ್ರ್ ತೀರ್ಥಕ್ಕೆ ಸಣ್ಣವಳಿದ್ದಾಗ ಅಜ್ಜ ಕರ್ಕೊಂಡು ಹೋಗಿದ್ರು. ಅದು ಇಷ್ಟು ಬಿಸಿ ಇರ್ಲಿಲ್ಲ" ಎಂದಳು. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು ಎಂದು ಮಗಳಿಗೆ ಆಗಲೇ ಗೊತ್ತಾದದ್ದು.

ಬೆಳಿಗ್ಗೆ ಐದೂವರೆಗೆ ಅಮ್ಮನೇ ನನ್ನನ್ನು ಎಬ್ಬಿಸಿದಳು. "ದೊಡ್ಡದಕ್ಕೆ ಹೋಗುವನಾ? ಈಗ ಜನ ಇರ್ಲಿಕ್ಕಿಲ್ಲ." ನನಗೆ ನಂಬಲಾಗಲಿಲ್ಲ. ಹೆಂಗಸರ ಮತ್ತು ಗಂಡಸರ ಸ್ನಾನದ ಮನೆಗಳನ್ನು ರಾತ್ರಿ ಅದಲುಬದಲು ಮಾಡುವುದು ದೊಡ್ಡ ಹೋಟೆಲುಗಳಲ್ಲಿ ರೂಢಿ, ಹೊಳೆ ಕಾಣುವ ತೊಟ್ಟಿ ಬೆಳಿಗ್ಗೆ ನಮ್ಮ ಪಾಲಿಗೆ ಬರುತ್ತದೆಂದು ನಾನು ಮೊದಲೇ ಕೇಳಿ ತಿಳಿದಿದ್ದೆ. ಕೆಂಪು ಪರದೆ ಸರಿಸಿ ಒಳಗೆ ಹೋದೆವು. ಮೂಲೆಯಲ್ಲಿ ಇಬ್ಬರು ಅಜ್ಜಿಯರು ಇದ್ದರು, ಯಾರೂ ಯಾರನ್ನೂ ನೋಡುವುದಿಲ್ಲ. ಹೊರಗಿನ ತೊಟ್ಟಿಯ ಮೇಲೆ ಹಬೆ, ಕೆಳಗೆ ಹೊಳೆಯ ಸದ್ದು. ಅಮ್ಮ ಬಂಡೆಗೆ ಒರಗಿ ಕಾಲು ಚಾಚಿದಳು. ನೀರಿನೊಳಗೆ ಕಾಲುಂಗುರ ಬೆಳ್ಳಗೆ ಹೊಳೆಯುತ್ತಿತ್ತು.

"ದೀಪಾವಳಿಯ ನೀರು ತುಂಬುವ ಹಬ್ಬದ ಹಾಗೆಯೇ ಉಂಟು ಮಾರಾಯ್ತಿ. ಹಂಡೆಗೊಂದು ಹಿಂಡಲೆಕಾಯಿ ಮಾಲೆ ಇದ್ದಿದ್ದರೆ ಆಗ್ತಿತ್ತು" ಎಂದಳು.

ಹೊರಗೆ ಬಂದಾಗ ಅಪ್ಪ ನನ್ನ ಗಂಡನ ಜೊತೆ ಕುರ್ಚಿಯಲ್ಲಿ ಕೂತು ಗಾಜಿನ ಬಾಟಲಿಯಿಂದ ತಣ್ಣಗಿನ ಹಾಲು ಕುಡಿಯುತ್ತಿದ್ದರು. ಕೋಣೆ ಬಿಡಲು ಹತ್ತು ಗಂಟೆಯವರೆಗೆ ಸಮಯವಿತ್ತು. ತಿಂಡಿ ಮುಗಿಸಿ ಅಮ್ಮ ಇನ್ನೊಮ್ಮೆ ಮಿಂದು ಬಂದಳು. ಆ ಸಲ ನನ್ನನ್ನು ಕರೆಯಲಿಲ್ಲ.