‘ಇಂದು ಎಲ್ಲಿ ಆಟ’ ಪುಟಕ್ಕೆ ಕಾಲಂ ಕಟ್ಟಿದ ಬಗೆ

ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನದವರೆಗೆ ನಡೆಯುತ್ತದೆ. ಅಷ್ಟು ದಿನವೂ ಉಡುಪಿ, ಮಂಗಳೂರು ಕಡೆಯವರಿಗೆ ಸಂಜೆಯಾದರೆ ಬೇಕಾಗುವುದು ಒಂದೇ ಪುಟ: ಇಂದು ಯಾವ ಮೇಳದ ಆಟ ಎಲ್ಲಿದೆ? ಅಂಥ ಪುಟವನ್ನು ಮೊಬೈಲಿನಿಂದ ದೊಡ್ಡ ಪರದೆಯವರೆಗೆ ಎಲ್ಲ ಕಡೆ ಸರಿಯಾಗಿ ಕೂರುವಂತೆ ನಾನು ಕಟ್ಟಿದ ಕ್ರಮ ಇದು. ಪ್ರತಿ ಕಾರ್ಡಿನಲ್ಲಿ, ಅಂದರೆ ಒಂದು ಆಟದ ಚೌಕದಲ್ಲಿ, ನಾಲ್ಕು ಸಂಗತಿ: ಮೇಳ, ಪ್ರಸಂಗ (ಆಡುವ ಕಥೆ), ಸ್ಥಳ, ಸಮಯ.

ಫೋನಿಗೆ ಇಷ್ಟು, ಟ್ಯಾಬಿಗೆ ಇಷ್ಟು ಎಂದು ಪರದೆಯ ಅಳತೆ ಹಿಡಿದು ಹೊರಡುವುದನ್ನು ನಾನು ಒಪ್ಪುವುದಿಲ್ಲ. ಫೋನುಗಳ ಅಳತೆ ವರ್ಷ ವರ್ಷ ಬದಲಾಗುತ್ತದೆ, ಪ್ರಸಂಗದ ಹೆಸರಿನ ಉದ್ದ ಬದಲಾಗುವುದಿಲ್ಲ. ಹಾಗಾಗಿ ಮೊದಲು ನಿಜವಾದ ಪಠ್ಯವನ್ನೇ ತಂದು ಹಾಕಿ, ಎರಡು ಮೂರು ಪದದ ಹೆಸರು ಇಕ್ಕಟ್ಟಿಲ್ಲದೆ ಕೂರುವ ಕನಿಷ್ಠ ಅಗಲ ಎಷ್ಟೆಂದು ನೋಡಿದೆ. 17 ರೆಮ್ (ಬ್ರೌಸರಿನ ಮೂಲ ಅಕ್ಷರದ ಅಳತೆಯ 17 ಪಟ್ಟು), ಅಂದರೆ ಮಾಮೂಲಿ ಸೆಟ್ಟಿಂಗಿನಲ್ಲಿ 272 ಪಿಕ್ಸೆಲ್, ಸಾಕಾಯಿತು. ಆಮೇಲೆ, ಪುಟವನ್ನು ಸಾಲು ಕಾಲಂಗಳಾಗಿ ಹಂಚುವ ಸಿಎಸ್‌ಎಸ್ ಗ್ರಿಡ್‌ನ ಕಾಲಂ ನಿಯಮ ಒಂದೇ ಸಾಲು:

ರಿಪೀಟ್(ಆಟೋ-ಫಿಲ್, ಮಿನ್‌ಮ್ಯಾಕ್ಸ್(ಮಿನ್(100%, 17ರೆಮ್), 1ಎಫ್‌ಆರ್))

ಅಂದರೆ ಒಂದೊಂದು ಕಾಲಂ ಕನಿಷ್ಠ 17 ರೆಮ್, ಹಿಡಿಸುವಷ್ಟು ಕಾಲಂ, ಮಿಕ್ಕ ಜಾಗ ಸಮಪಾಲು (1ಎಫ್‌ಆರ್ ಎಂದರೆ ಒಂದು ಪಾಲು). ಕಾರ್ಡುಗಳ ನಡುವಿನ ಗ್ಯಾಪ್ 24 ಪಿಕ್ಸೆಲ್, ಪುಟದ ಎರಡೂ ಬದಿಗೆ 16 ಪಿಕ್ಸೆಲ್ ಜಾಗ. ಇಷ್ಟಾದರೆ ಪರದೆ 600 ಪಿಕ್ಸೆಲ್ ಮುಟ್ಟಿದಾಗ ಎರಡು ಕಾಲಂ, 896ಕ್ಕೆ ಮೂರು, 1192ಕ್ಕೆ ನಾಲ್ಕು ತಾನಾಗಿ ಬರುತ್ತದೆ. ಕಾರ್ಡುಗಳಿಗೆ ಒಂದೇ ಒಂದು ಮೀಡಿಯಾ ಕ್ವೆರಿ (ಪರದೆಯ ಅಗಲಕ್ಕೆ ತಕ್ಕಂತೆ ಬರೆಯುವ ಬೇರೆ ನಿಯಮ) ಬೇಡ. ಶೇಕಡಾ 33.33ರಂತೆ ಮೂರು ಕಾಲಂ ಮಾಡಿ ನಡುವೆ ಗ್ಯಾಪ್ ಇಟ್ಟರೆ ಒಟ್ಟು ಅಗಲ ನೂರು ದಾಟಿ ಪುಟ ಅಡ್ಡಕ್ಕೆ ಜಾರುತ್ತದೆ. ಎಫ್‌ಆರ್ ಮಾತ್ರ ಗ್ಯಾಪ್ ಕಳೆದು ಉಳಿದದ್ದನ್ನು ಹಂಚುತ್ತದೆ.

ಎರಡರಲ್ಲಿ ಚಿಕ್ಕದ್ದನ್ನು ಆರಿಸುವ ಒಳಗಿನ ಆ ಮಿನ್ ಯಾಕೆ? 320 ಪಿಕ್ಸೆಲ್ ಫೋನಿನಲ್ಲೂ 288 ಉಳಿಯುತ್ತದಲ್ಲ, 272 ಹಿಡಿಸುತ್ತದಲ್ಲ ಎಂದು ಕೇಳಬಹುದು. ಆದರೆ ಕಣ್ಣು ಮಂದವಾದ ಹಿರಿಯರು ಬ್ರೌಸರಿನ ಅಕ್ಷರವನ್ನು ದುಪ್ಪಟ್ಟು ಮಾಡಿಕೊಂಡರೆ 17 ರೆಮ್ ಎಂದರೆ 544 ಪಿಕ್ಸೆಲ್. ಮಿನ್ ಇಲ್ಲದಿದ್ದರೆ ಕಾರ್ಡಿನ ಅರ್ಧ ಪರದೆಯ ಆಚೆ ಹೋಗುತ್ತದೆ. ಆಟೋ-ಫಿಟ್ ಬಿಟ್ಟು ಆಟೋ-ಫಿಲ್ ಆರಿಸಿದ್ದಕ್ಕೂ ಕಾರಣವಿದೆ. ತಿರುಗಾಟದ ಮೊದಲ ದಿನಗಳಲ್ಲಿ ಎರಡೇ ಆಟ ಇರಬಹುದು. ಆಟೋ-ಫಿಟ್ ಆ ಎರಡು ಕಾರ್ಡನ್ನು ಇಡೀ ಪರದೆಗೆ ಎಳೆಯುತ್ತದೆ, ಆಟೋ-ಫಿಲ್ ಖಾಲಿ ಕಾಲಂಗಳನ್ನು ಹಾಗೇ ಉಳಿಸಿ ಕಾರ್ಡಿನ ಅಳತೆ ಕಾಪಾಡುತ್ತದೆ.

ಕನ್ನಡ ಪುಟದಲ್ಲಿ ನಿಜವಾದ ತೊಡಕು ಉದ್ದ ಪದಗಳದ್ದು. ಕಟೀಲು ಮೇಳದ ಪೂರ್ಣ ಹೆಸರಿನಲ್ಲಿ ‘ದುರ್ಗಾಪರಮೇಶ್ವರಿ’ ಒಂದೇ ಪದ. ಬರೀ 1ಎಫ್‌ಆರ್ ಎಂದರೆ ಬ್ರೌಸರಿಗೆ ಕನಿಷ್ಠ ಅಗಲ ‘ಆಟೋ’ ಎಂದರ್ಥ, ಒಳಗಿನ ಅತಿ ಉದ್ದದ ಪದಕ್ಕಿಂತ ಕಾಲಂ ಕಿರಿದಾಗುವುದಿಲ್ಲ. ಬದಿಪಟ್ಟಿ ಇರುವ ಪುಟ ಒಡೆಯುವುದು ಹೆಚ್ಚಾಗಿ ಇದರಿಂದಲೇ. ಅದಕ್ಕೆ ಮುಖ್ಯ ಕಾಲಂಗೆ ಮಿನ್‌ಮ್ಯಾಕ್ಸ್(0, 1ಎಫ್‌ಆರ್), ಬದಿಪಟ್ಟಿಗೆ 18 ರೆಮ್ ಕೊಟ್ಟೆ. ಕಾರ್ಡಿನ ಒಳಗೂ ಅದೇ ಮಿನ್‌ಮ್ಯಾಕ್ಸ್ ಬೇಕು.

ಪದ ಮುರಿಯಲು ಓವರ್‌ಫ್ಲೋ-ವ್ರ್ಯಾಪ್‌ಗೆ ಬ್ರೇಕ್-ವರ್ಡ್ ಹಾಕಿ. ಎನಿವೇರ್ ಹಾಕಿದರೆ ಕನಿಷ್ಠ ಅಗಲದ ಲೆಕ್ಕವೇ ಒಂದಕ್ಷರಕ್ಕೆ ಇಳಿದು, ಇಕ್ಕಟ್ಟಾದಾಗ ಆಟೋ ಅಗಲದ ಕಾಲಂ ಸೊರಗಿಬಿಡುತ್ತದೆ. ಆದರೂ ಬ್ರೌಸರ್ ತಾನಾಗಿ ಮುರಿದರೆ ಒತ್ತಕ್ಷರದ ನಡುವೆಯೇ ಮುರಿಯಬಹುದು: ‘ಶ್’ ಒಂದು ಸಾಲಿಗೆ, ‘ವ’ ಮುಂದಿನ ಸಾಲಿಗೆ. ಓದುವವರಿಗೆ ಇದು ಸಹಿಸಲಾಗದ್ದು. ಮೇಳಗಳ ಹೆಸರು ಮಿತವಾಗಿಯೇ ಇರುವುದರಿಂದ ‘ದುರ್ಗಾ’ ಮತ್ತು ‘ಪರಮೇಶ್ವರಿ’ ನಡುವೆ ಡಬ್ಲ್ಯುಬಿಆರ್ ಟ್ಯಾಗನ್ನು (ಬೇಕಾದರೆ ಇಲ್ಲಿ ಮುರಿ ಎಂಬ ಗುರುತು) ಕೈಯಾರೆ ಇಟ್ಟೆ. ಈ ಕೆಲಸವನ್ನು ಸ್ಕ್ರಿಪ್ಟಿಗೆ ಬಿಡಬೇಡಿ, ಪದ ಎಲ್ಲಿ ಬಿಡಿಸಿದರೆ ಅರ್ಥ ಕೆಡುವುದಿಲ್ಲ ಎಂಬುದು ಭಾಷೆ ಬಲ್ಲವರಿಗೇ ಗೊತ್ತು.

ಸಾಲಿನ ಎತ್ತರ 1.7 ಇಟ್ಟೆ. 1.3ಕ್ಕೆ ಇಳಿಸಿ ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡುವ ನಿಯಮ) ಹಾಕಿದರೆ ‘ಸ್ತ್ರೀ’, ‘ರಾಷ್ಟ್ರ’ದ ಕೆಳಗಿನ ಒತ್ತುಗಳು ಕತ್ತರಿಸಿ ಹೋಗುತ್ತವೆ. ಕಾರ್ಡಿಗೆ ನಿಗದಿತ ಎತ್ತರವಂತೂ ಬೇಡವೇ ಬೇಡ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ಬಿಟ್ಟೆ, ಕಿರಿದಾದ ಕಾಲಂನಲ್ಲಿ ಉದ್ದ ಪದಗಳ ನಡುವೆ ದೊಡ್ಡ ಕಂದಕ ಬೀಳುತ್ತದೆ. ಪ್ರಸಂಗದ ಕಥಾಸಾರ ಬರುವ ಪುಟದಲ್ಲಿ ಸಾಲಿನ ಉದ್ದವನ್ನು ಸಿಎಚ್ ಯುನಿಟ್ಟಿನಲ್ಲಿ ಕೊಡಲಿಲ್ಲ. ಅದು ಆ ಫಾಂಟಿನ 0 ಅಂಕೆಯ ಅಗಲ, ಕನ್ನಡದ ಅಕ್ಷರಕ್ಕೂ ಅದಕ್ಕೂ ತಾಳೆಯಿಲ್ಲ. 32 ಇಎಂ (ಅಲ್ಲಿನ ಅಕ್ಷರದ ಅಳತೆಯ 32 ಪಟ್ಟು) ಎಂದರೆ ಓದಲು ಹಿತ.

ಪಕ್ಕಪಕ್ಕದ ಕಾರ್ಡುಗಳಲ್ಲಿ ಒಂದರ ಪ್ರಸಂಗ ಒಂದು ಸಾಲು, ಇನ್ನೊಂದರದ್ದು ಮೂರು ಸಾಲು ಆದಾಗ ‘ಸ್ಥಳ’ ಮೇಲೆ ಕೆಳಗೆ ಆಗುತ್ತದೆ. ಸಬ್‌ಗ್ರಿಡ್ ಇರುವುದೇ ಇದಕ್ಕೆ, ಅದು ಹೊರಗಿನ ಗ್ರಿಡ್ಡಿನ ಸಾಲುಗಳನ್ನೇ ಕಾರ್ಡಿನ ಒಳಗೂ ಬಳಸುತ್ತದೆ. ಕಾರ್ಡಿಗೆ ಡಿಸ್‌ಪ್ಲೇ ಗ್ರಿಡ್, ಗ್ರಿಡ್-ರೋ ಸ್ಪ್ಯಾನ್ 4, ರೋ ಟೆಂಪ್ಲೇಟಿಗೆ ಸಬ್‌ಗ್ರಿಡ್. ಹೊರಗಿನ 24 ಪಿಕ್ಸೆಲ್ ಗ್ಯಾಪ್ ಒಳಕ್ಕೂ ಬರುವುದರಿಂದ ಕಾರ್ಡಿನಲ್ಲೇ ರೋ-ಗ್ಯಾಪ್ 4 ಪಿಕ್ಸೆಲ್ ಎಂದು ಬರೆಯಬೇಕು. ಎಚ್ಚರ ಇನ್ನೂ ಒಂದಿದೆ: ಪ್ರಸಂಗ ಇನ್ನೂ ತಿಳಿಸಿಲ್ಲವೆಂದು ಆ ಅಂಶವನ್ನೇ ತೆಗೆದರೆ ಕೆಳಗಿನವು ಮೇಲೇರುತ್ತವೆ. ಐದನೆಯದನ್ನು ಸೇರಿಸಿದರೆ ಸಬ್‌ಗ್ರಿಡ್ ಹೊಸ ಸಾಲು ಹುಟ್ಟಿಸುವುದಿಲ್ಲ, ಅದು ನಾಲ್ಕನೆಯದರ ಮೇಲೆಯೇ ಕೂರುತ್ತದೆ. ಅದಕ್ಕೆ ಪ್ರತಿ ಅಂಶಕ್ಕೂ ಸಾಲಿನ ಸಂಖ್ಯೆ ಕೊಟ್ಟೆ. ಕ್ರೋಮ್‌ಗೆ ಸಬ್‌ಗ್ರಿಡ್ ಬಂದದ್ದು 2023ರಲ್ಲಿ, 117ನೇ ಆವೃತ್ತಿಗೆ. ಹಳೆಯ ಫೋನಿನಲ್ಲಿ ಆ ಸಾಲುಗಳು ಸಮವಾಗಿ ನಿಲ್ಲುವುದಿಲ್ಲ ಅಷ್ಟೇ, ಓದಲು ಅಡ್ಡಿಯಿಲ್ಲ.

ಅದೇ ಕಾರ್ಡನ್ನು ಬದಿಪಟ್ಟಿಯಲ್ಲೂ ಬಳಸಲು, ಪರದೆಯ ಬದಲು ಹೊದಿಕೆಯ ಅಗಲ ನೋಡುವ ಕಂಟೇನರ್ ಕ್ವೆರಿ. ಕಂಟೇನರ್-ಟೈಪ್ ಇನ್‌ಲೈನ್-ಸೈಜ್ ಎಂಬುದನ್ನು ಕಾರ್ಡಿಗೆ ಹಾಕದೆ ಕಾರ್ಡುಗಳ ಇಡೀ ಗ್ರಿಡ್ಡಿನ ಹೊರಗಿನ ಹೊದಿಕೆಗೆ ಹಾಕಿ, ಕಂಟೇನರ್ ತನ್ನನ್ನು ತಾನೇ ಅಳೆದು ಬದಲಾಗಲಾರದು. ಆ ಹೊದಿಕೆಯನ್ನು ಫ್ಲೋಟ್ ಮಾಡಿದರೆ (ಒಂದು ಬದಿಗೆ ತೇಲಿಬಿಟ್ಟರೆ) ಒಳಗಿನ ಪಠ್ಯದಿಂದ ಅಗಲ ಸಿಗದೆ ಸೊನ್ನೆಗೆ ಕುಸಿಯುತ್ತದೆ.

ಆರ್ಡರ್ ಪ್ರಾಪರ್ಟಿಯಿಂದ ಕಾರ್ಡುಗಳ ಜಾಗ ಬದಲಿಸಬೇಡಿ. ಕಣ್ಣಿಗೆ ಕಾಣುವ ಕ್ರಮ ಬದಲಾದರೂ ಪುಟವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಚ್‌ಟಿಎಂಎಲ್ ಕ್ರಮದಲ್ಲೇ ಓದುತ್ತದೆ, ಟ್ಯಾಬ್ ಕೀ ಕೂಡ ಅದೇ ಕ್ರಮದಲ್ಲಿ ನೆಗೆಯುತ್ತದೆ.

ಪರೀಕ್ಷೆ ಹೀಗೆ: 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ಝೂಮನ್ನು 400%ಗೆ ಏರಿಸಿದರೆ 320 ಪಿಕ್ಸೆಲ್ ಪರದೆಯಾಗುತ್ತದೆ. ವೆಬ್ ಪುಟ ಎಲ್ಲರಿಗೂ ನಿಲುಕಬೇಕೆಂಬ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1ರ 1.4.10ನೇ ಮಾನದಂಡ ಕೇಳುವುದೂ ಇದನ್ನೇ, ಪಠ್ಯ ಓದಲು ಅಡ್ಡ ಸ್ಕ್ರೋಲ್ ಬೇಕಾಗಬಾರದು. ನಿಜವಾದ ಫೋನಿನಲ್ಲಿ ನೋಡುವಾಗ ಪುಟ ಪೂರ್ತಿ ಚಿಕ್ಕದಾಗಿ ಕಂಡರೆ ಗ್ರಿಡ್ಡನ್ನು ತಿದ್ದಲು ಹೋಗಬೇಡಿ; ಫೋನಿನ ನಿಜವಾದ ಅಗಲವನ್ನೇ ಬಳಸು ಎನ್ನುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಬಿಟ್ಟುಹೋಗಿ ಫೋನು 980 ಪಿಕ್ಸೆಲ್ ಅಗಲ ಎಂದುಕೊಂಡು ಪುಟ ಬಿಡಿಸಿರುತ್ತದೆ.