ಮೇಲಿನ ಮನೆಯವರ 12 ಲಕ್ಷ

2017ರ ನವೆಂಬರ್‌ನ ಒಂದು ಭಾನುವಾರ ಬೆಂಗಳೂರಿನ ವಿಜಯನಗರದ ಆ ಮನೆಯ ಮೆಟ್ಟಿಲು ಹತ್ತಿದಾಗ, ಹೂಡಿಕೆಯ ಸಲಹೆ ಕೊಡುವ ನನ್ನ ಚೀಲದಲ್ಲಿ ಆ ಮನೆಯವರಿಗೆಂದು ಬರೆದ 38 ಪುಟಗಳ ಆರ್ಥಿಕ ಯೋಜನೆ ಇತ್ತು. ಮೂರು ವಾರ ಕುಳಿತು ಸಿದ್ಧಪಡಿಸಿದ್ದೆ. ಪತಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು, ಪತ್ನಿ ಸರ್ಕಾರಿ ಶಾಲೆಯ ಶಿಕ್ಷಕಿ. ಮಗಳಿಗೆ 9 ವರ್ಷ, ಮಗನಿಗೆ 5. ಒಂದೊಂದೇ ಪುಟ ತಿರುವುತ್ತಾ ಅರ್ಧ ಗಂಟೆ ವಿವರಿಸಿದೆ. ಬ್ಯಾಂಕಿನಲ್ಲಿದ್ದ 7 ಲಕ್ಷ ರೂಪಾಯಿ ಠೇವಣಿಯಲ್ಲಿ 5 ಲಕ್ಷವನ್ನು ಮಗಳ ಕಾಲೇಜಿಗೆಂದು, ಷೇರುಗಳಲ್ಲಿ ಹಣ ತೊಡಗಿಸುವ ಈಕ್ವಿಟಿ ಫಂಡಿಗೆ ಹಾಕಬೇಕೆಂಬ ಪುಟ ಬಂತು. ಅದುವರೆಗೆ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದ ಶಿಕ್ಷಕಿಯ ಮಾವ ಆಗ ಬಾಯಿ ತೆರೆದರು.

"ಅಲ್ಲಮ್ಮ, ಮೇಲಿನ ಮನೆಯವರಿಗೆ ಹನ್ನೆರಡು ಲಕ್ಷ ಹಿಂತಿರುಗಿಸಬೇಕಲ್ಲ, ಅದು ಎಲ್ಲಿದೆ?"

38 ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಮೊದಲ ಮಹಡಿಯನ್ನು ಅವರು ಭೋಗ್ಯಕ್ಕೆ ಕೊಟ್ಟಿದ್ದರು. ಈಗ ಹೆಚ್ಚಿನವರು ಲೀಸ್ ಎನ್ನುತ್ತಾರೆ: ವಾಸಕ್ಕೆ ಬರುವವರು ಒಂದೇ ಗಂಟಿನಲ್ಲಿ ದೊಡ್ಡ ಮೊತ್ತ ಕೊಡುತ್ತಾರೆ, ಕರಾರು ಮುಗಿಯುವವರೆಗೆ ಬಾಡಿಗೆ ಕೊಡುವುದಿಲ್ಲ, ಹೊರಡುವಾಗ ಪೂರ್ತಿ ಹಣ ಮರಳಿ ಪಡೆಯುತ್ತಾರೆ. ಆ 12 ಲಕ್ಷ ಎರಡನೆಯ ಮಹಡಿ ಕಟ್ಟುವುದರಲ್ಲಿ ಖರ್ಚಾಗಿಹೋಗಿತ್ತು. ಕರಾರು ಮುಗಿಯಲು 20 ತಿಂಗಳಷ್ಟೇ ಉಳಿದಿತ್ತು. "ಸಾಲ ಏನಾದರೂ ಇದೆಯೇ?" ಎಂದು ನಾನು ಕೇಳಿದ್ದೆ, "ಇಲ್ಲ" ಎಂದಿದ್ದರು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರ ಮನಸ್ಸಿನಲ್ಲಿ ಭೋಗ್ಯದ ಹಣ ಸಾಲದ ಪಟ್ಟಿಗೆ ಸೇರುವುದೇ ಇಲ್ಲ. ಅದು ಮನೆಯ ಸಂಪಾದನೆ. ಅದರ ಜೊತೆಗೆ, ಕರಾರಿಗೆ ಸಹಿ ಹಾಕಿದ್ದವರು ಮಾವ, ನಾನು ಪ್ರಶ್ನೆ ಕೇಳಿದ್ದು ಮಗ ಸೊಸೆಯನ್ನು ಮಾತ್ರ. ತೀರಿಸಬೇಕಾದವರು ಎಲ್ಲರೂ.

ನನ್ನ ಮಾತು ಕೇಳಿ ಅವರು ಠೇವಣಿ ಮುರಿದಿದ್ದರೆ ಏನಾಗುತ್ತಿತ್ತು ಎಂದು ಮೆಟ್ರೋದಲ್ಲಿ ಮರಳುವಾಗ ಲೆಕ್ಕ ಹಾಕುತ್ತಾ ಬಂದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಗಾಂಧಿನಗರದ ಲೆಕ್ಕಪರಿಶೋಧನಾ ಕಚೇರಿಯಲ್ಲಿ 11 ವರ್ಷ ದುಡಿದ ಮೇಲೆ. ಶುಲ್ಕ ಪಡೆದು ಹೂಡಿಕೆಯ ಸಲಹೆ ಕೊಡುವವರು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2013ರ ನಿಯಮಾವಳಿಯಂತೆ ನೋಂದಣಿ ಮಾಡಿಸಿಕೊಳ್ಳಬೇಕು. ಅದಕ್ಕೆ ಬೇಕಾದ, ಸೆಬಿಯದೇ ತರಬೇತಿ ಸಂಸ್ಥೆಯಾದ ಎನ್‌ಐಎಸ್‌ಎಂನ ಎರಡು ಪರೀಕ್ಷೆಗಳನ್ನು 2016ರಲ್ಲಿ ಮುಗಿಸಿ, ಜಯನಗರದಲ್ಲಿ ನೋಂದಾಯಿತ ಸಲಹೆಗಾರರೊಬ್ಬರ ಬಳಿ ಸೇರಿದೆ. ಚಕ್ರಬಡ್ಡಿ, ತೆರಿಗೆ, ವಿಮೆ, ಹಣದುಬ್ಬರ, ಗ್ರಾಹಕರು ಎಷ್ಟು ನಷ್ಟ ತಡೆದುಕೊಳ್ಳಬಲ್ಲರು ಎಂಬ ಅಳತೆ, ಇವೆಲ್ಲವನ್ನೂ ಪರೀಕ್ಷೆ ಕಲಿಸಿತು, ಚೆನ್ನಾಗಿಯೇ ಕಲಿಸಿತು. ಆದರೆ ನಾವು ತುಂಬುತ್ತಿದ್ದ ನಮೂನೆಯಲ್ಲಿ ಗೃಹಸಾಲ, ವಾಹನಸಾಲ, ಕ್ರೆಡಿಟ್ ಕಾರ್ಡ್ ಎಂದು ಮೂರು ಖಾನೆಗಳಿದ್ದವು. ನಮ್ಮ ಊರಿನ ಮನೆಗಳಲ್ಲಿ ಹಣ ಆ ಮೂರು ಖಾನೆಗಳ ಆಚೆಗೆ ಓಡಾಡುತ್ತದೆ.

ಮರುದಿನವೇ ಹೊಸ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡೆ. ಮನೆಯ ಯಾವ ಭಾಗವನ್ನಾದರೂ ಭೋಗ್ಯಕ್ಕೆ ಕೊಟ್ಟಿದ್ದೀರಾ, ಅಥವಾ ನೀವೇ ಭೋಗ್ಯದ ಮನೆಯಲ್ಲಿದ್ದೀರಾ? ಚೀಟಿ ಕಟ್ಟುತ್ತಿದ್ದೀರಾ, ಎತ್ತಿ ಆಗಿದೆಯೇ, ಇನ್ನೂ ಇಲ್ಲವೇ? (ಎತ್ತಿದ ಚೀಟಿ ಸಾಲ, ಎತ್ತದ ಚೀಟಿ ಉಳಿತಾಯ, ಒಂದೇ ಹೆಸರು, ಎರಡು ಬೇರೆ ಖಾನೆ.) ಆ ಚೀಟಿ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದದ್ದೇ, ಬೀದಿಯವರು ನಂಬಿಕೆಯ ಮೇಲೆ ನಡೆಸುವುದೇ? ಚಿನ್ನದಲ್ಲಿ ಎಷ್ಟು ಗ್ರಾಂ ಅಡವಿನಲ್ಲಿದೆ? ಯಾರಿಗಾದರೂ ಕೈಗಡ ಕೊಟ್ಟಿದ್ದೀರಾ, ತಂದಿದ್ದೀರಾ? ತಂಗಿಯ ಮದುವೆ, ತಮ್ಮನ ಓದು ನಿಮ್ಮ ಹೆಗಲಿಗಿದೆಯೇ? ವಾಸದ ಮನೆ ಯಾರ ಹೆಸರಿನಲ್ಲಿದೆ, ವಿಲ್ ಇದೆಯೇ? ಈ ಕೊನೆಯ ಪ್ರಶ್ನೆಗೆ ಮನೆಯಲ್ಲಿ ಮೌನ ಆವರಿಸುತ್ತದೆ. ನಾನು ಅವಸರ ಮಾಡುವುದಿಲ್ಲ, ಕಾಯುತ್ತೇನೆ. ಮತ್ತು ಪ್ರಶ್ನೆ ಕೇಳುವಾಗ ಮನೆಯ ಹಿರಿಯರು ಇರಲೇಬೇಕು ಎಂದು ಫೋನಿನಲ್ಲಿಯೇ ಹೇಳಿಬಿಡುತ್ತೇನೆ.

ವಿಜಯನಗರದ ಮನೆಯವರು ನನ್ನನ್ನು ಮತ್ತೆ ಕರೆದರು. ಅದು ಅವರ ದೊಡ್ಡತನ. ಈ ಬಾರಿ ಎಲ್ಲವನ್ನೂ ಬದಿಗಿಟ್ಟು ಭೋಗ್ಯದಿಂದಲೇ ಲೆಕ್ಕ ಆರಂಭಿಸಿದೆ. ಆ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದರೆ ತಿಂಗಳಿಗೆ 11,000 ರೂಪಾಯಿ ಬರುತ್ತಿತ್ತು, ವರ್ಷಕ್ಕೆ 1,32,000. ಅದನ್ನು ಬಿಟ್ಟುಕೊಟ್ಟು 12 ಲಕ್ಷ ಬಳಸುತ್ತಿದ್ದಾರೆ. ಅಂದರೆ ಕೈಯಿಂದ ಹಣ ಹೋಗದಿದ್ದರೂ ವರ್ಷಕ್ಕೆ ಶೇಕಡಾ 11ರ ಬಡ್ಡಿ. ಇತ್ತ ಬ್ಯಾಂಕಿನ ಠೇವಣಿ ಗಳಿಸುತ್ತಿದ್ದದ್ದು ಶೇಕಡಾ 6.75, ಅದರಲ್ಲಿಯೂ ತೆರಿಗೆ ಕಳೆಯಬೇಕು. ಭೋಗ್ಯ ತೀರಿಸುವುದಕ್ಕಿಂತ ಲಾಭದ ಹೂಡಿಕೆ ಆ ಮನೆಗೆ ಬೇರೆ ಇರಲಿಲ್ಲ!

ಹಣ ಎಲ್ಲಿಂದ? 5 ಲಕ್ಷದ ಚೀಟಿ ಇತ್ತು, 25 ತಿಂಗಳು, ತಿಂಗಳಿಗೆ 20,000. 15 ಕಂತು ಮುಗಿದಿತ್ತು, ಇನ್ನೂ ಎತ್ತಿರಲಿಲ್ಲ. ಕೊನೆಯವರೆಗೆ ಕಾದರೆ ನಡೆಸುವವರ ಶೇಕಡಾ 5ರ ಕಮಿಷನ್ ಕಳೆದು 4,75,000 ಕೈಗೆ. ಠೇವಣಿಯ 7 ಲಕ್ಷ ಸೇರಿದರೆ 11,75,000. ಉಳಿದ 25,000ವನ್ನು ಠೇವಣಿಯ ಬಡ್ಡಿಯೇ ತುಂಬುತ್ತದೆ. ಚೀಟಿ ಮುಗಿದ ಮೇಲಿನ ಹತ್ತು ತಿಂಗಳು ಬಿಡುವಾಗುವ 20,000 ಕಷ್ಟಕಾಲದ ನಿಧಿಗೆ. ಅದೇ 2 ಲಕ್ಷ ಆಗುತ್ತದೆ. ಭೋಗ್ಯ ತೀರಿದ ನಂತರ ಆ 20,000ದಲ್ಲಿ ಅರ್ಧ ಮಗಳಿಗೆ.

ಮಗಳ ಲೆಕ್ಕವನ್ನು ಹೀಗೆ ಹಾಕಿದೆ. ಇಂದು 6 ಲಕ್ಷ ಬೇಕಾಗುವ ಓದಿಗೆ, ಖರ್ಚು ವರ್ಷಕ್ಕೆ ಶೇಕಡಾ 8ರಂತೆ ಏರಿದರೆ, 9 ವರ್ಷಗಳ ನಂತರ 12 ಲಕ್ಷ ಬೇಕು. ಭೋಗ್ಯ ತೀರಿದ ಮೇಲೆ ತಿಂಗಳಿಗೆ 10,000ದಂತೆ 84 ತಿಂಗಳು ಹಾಕಿದರೆ, ಗಳಿಕೆ ಶೇಕಡಾ 10 ಬಂದರೆ ಸುಮಾರು 12.1 ಲಕ್ಷ, 8 ಬಂದರೆ 11.2, 6 ಮಾತ್ರ ಬಂದರೆ 10.4. ಮೊದಲ ಯೋಜನೆಯಲ್ಲಿ ನಾನು ಒಂದೇ ಅಂಕಿ ತೋರಿಸಿದ್ದೆ. ಒಂದೇ ಅಂಕಿ ಕಂಡವರು ಅದನ್ನು ಮಾತುಕೊಟ್ಟಂತೆ ಭಾವಿಸುತ್ತಾರೆ, ಮಾರುಕಟ್ಟೆ ಬಿದ್ದ ವರ್ಷ ನಮ್ಮ ಮುಖ ನೋಡುತ್ತಾರೆ. ಮೂರು ಅಂಕಿ ಇಟ್ಟರೆ, ಕಡಿಮೆ ಬಂದರೆ ಕೊರತೆ ಎಷ್ಟು, ಅದಕ್ಕೇನು ದಾರಿ ಎಂದು ಅವರೇ ಕೇಳುತ್ತಾರೆ.

ಎರಡನೆಯ ಸಲ ನಾಲ್ಕೇ ಹಾಳೆ ಒಯ್ದೆ, ಎಲ್ಲವೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಮೊದಲ ಹಾಳೆಯಲ್ಲಿ ಅವರು ನನಗೆ ಹೇಳಿದ್ದನ್ನೇ ಬರೆದಿದ್ದೆ, ನನ್ನ ಸಲಹೆ ಒಂದು ಸಾಲೂ ಇಲ್ಲ. ಅದನ್ನು ಓದಿ ಹೇಳಿ, "ಏನಾದರೂ ಬಿಟ್ಟುಹೋಗಿದೆಯೇ?" ಎಂದು ಕೇಳಿದೆ. ಊರಿನ ಸಂಘದಲ್ಲಿದ್ದ 40,000 ರೂಪಾಯಿ ಆಗ ಹೊರಬಂತು. ಎರಡನೆಯದು ವರ್ಷವಾರು ಪಟ್ಟಿ: ಎಡಕ್ಕೆ ಇಸವಿ, ಪಕ್ಕದಲ್ಲಿ ಮನೆಯ ಐವರ ವಯಸ್ಸು, ಆಮೇಲೆ ಬರುವ ಹಣ, ಹೋಗುವ ಹಣ. ಜನರಿಗೆ ಶೇಕಡಾವಾರು ತಿಳಿಯದಿದ್ದರೂ ಮಗಳಿಗೆ 18 ತುಂಬುವಾಗ ತಮಗೆ 50 ಎಂಬುದು ಕಣ್ಣಿಗೆ ಬಿದ್ದಾಗ ಎಲ್ಲವೂ ತಿಳಿಯುತ್ತದೆ. ಪತಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ನಾನು ಮಾತನಾಡಲಿಲ್ಲ. ಅಂಥ ಹೊತ್ತಿನಲ್ಲಿ ಮಾತನಾಡದಿರುವುದನ್ನು ಕಲಿಯಲು ನನಗೆ ಹೆಚ್ಚು ಕಾಲ ಹಿಡಿಯಿತು.

ಮೂರನೆಯದರಲ್ಲಿ ಮುಂದಿನ 12 ತಿಂಗಳ ಕೆಲಸಗಳಿದ್ದವು. ಪತಿಗೆ ಅವಧಿ ವಿಮೆ (ಗೊತ್ತಾದ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಸಿಗುವ ಟರ್ಮ್ ವಿಮೆ) ಮಾಡಿಸುವುದು ಅದರಲ್ಲಿ ಮೊದಲನೆಯದು. ಹೂಡಿಕೆಗಳ ಹೆಸರು ಬಂದದ್ದು ನಾಲ್ಕನೆಯ ಹಾಳೆಯಲ್ಲಿ. ಮೊದಲೇ ಬಂದರೆ ಮಾತೆಲ್ಲ ಯಾವ ಫಂಡು, ಯಾವ ಕಂಪನಿ ಎಂಬುದರ ಸುತ್ತ ತಿರುಗುತ್ತದೆ.

ಮಾವನಿಗೆ ಭೋಗ್ಯದ ಲೆಕ್ಕ ಹೇಳುವಾಗ ಶೇಕಡಾ 11 ಎನ್ನಲಿಲ್ಲ. "ಯಜಮಾನರೇ, ಮೇಲಿನ ಮನೆಯವರಿಗೆ ನೀವು ನೂರಕ್ಕೆ ತಿಂಗಳಿಗೆ 92 ಪೈಸೆ ಬಡ್ಡಿ ಕೊಡುತ್ತಿದ್ದೀರಿ, ಬ್ಯಾಂಕು ನಿಮಗೆ 56 ಪೈಸೆ ಕೊಡುತ್ತಿದೆ" ಎಂದೆ. ಕೈಸಾಲದ ಬಡ್ಡಿಯನ್ನು ಜೀವನವಿಡೀ ನೂರಕ್ಕೆ ಇಷ್ಟು ಎಂದೇ ಎಣಿಸಿದವರು ಅವರು. ಕನ್ನಡಕ ತೆಗೆದು ಮಗನ ಕಡೆ ತಿರುಗಿ, "ಹಾಗಾದರೆ ಮತ್ತೆ ಭೋಗ್ಯಕ್ಕೆ ಕೊಡುವುದು ಬೇಡ" ಎಂದರು.

ಹೊರಡುವ ಮುನ್ನ ಶಿಕ್ಷಕಿಗೆ, "ಮೇಡಂ, ಈಗ ನೀವು ಇದನ್ನು ನನಗೆ ಹೇಳಿ, ತರಗತಿಯಲ್ಲಿ ಹೇಳುವ ಹಾಗೆ" ಎಂದು ಕೇಳಿಕೊಂಡೆ. ಅವರು ಎರಡು ಕಡೆ ತಡವರಿಸಿದರು. ಆ ಎರಡೂ ಸಾಲುಗಳನ್ನು ಅಲ್ಲಿಯೇ ಹೊಡೆದುಹಾಕಿ ಅವರ ಮಾತಿನಲ್ಲಿಯೇ ತಿರುಗಿ ಬರೆದೆ. ಇಂದಿಗೂ ಯಾವ ಮನೆಯಲ್ಲಿಯೂ ಇದನ್ನು ಬಿಡುವುದಿಲ್ಲ. ಪತಿ ಪತ್ನಿಯರಲ್ಲಿ ಒಬ್ಬರೇ ಸಿಗುವುದಾದರೆ ಇನ್ನೊಂದು ದಿನ ಬರುತ್ತೇನೆ ಎನ್ನುತ್ತೇನೆ.

2019ರ ಆಗಸ್ಟ್‌ನಲ್ಲಿ ವರ್ಷದ ಪರಿಶೀಲನೆಗೆ ಹೋದಾಗ ವರ್ಷವಾರು ಪಟ್ಟಿ ಗೋದ್ರೆಜ್ ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಕೊಂಡಿತ್ತು. 2019ರ ಸಾಲಿನಲ್ಲಿ "ಭೋಗ್ಯ 12 ಲಕ್ಷ" ಎಂಬುದರ ಮೇಲೆ ಗೆರೆ ಎಳೆದಿದ್ದರು. ಅದರ ಕೆಳಗೆ ಶಿಕ್ಷಕಿಯ ದುಂಡನೆಯ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ: "ಮೇಲಿನ ಮನೆ, ಮೊದಲ ಬಾಡಿಗೆ, 13,000."