ಸಹಿ ಜೇಡಕ್ಕೆ ಜಗಲಿಯಲ್ಲಿ ಜಾಗ ಕೊಟ್ಟದ್ದು

ಕಳೆದ ನವೆಂಬರಿನಲ್ಲಿ ಕೊನೆಗೂ ಸಿಕ್ಕಿತು. ಸಹಿ ಜೇಡ ಮಿಡತೆಯನ್ನು ಸುತ್ತಿ ಕಟ್ಟುವ ಇಡೀ ಕೆಲಸ, ಮೊದಲ ಹೆಜ್ಜೆಯಿಂದ ಕಚ್ಚುವವರೆಗೆ, ಎಲ್ಲೂ ಮಸುಕಾಗದೆ ವಿಡಿಯೋದಲ್ಲಿ ಬಂತು. ಅದೂ ಗುಡ್ಡದಲ್ಲಲ್ಲ, ಉಡುಪಿ ಹತ್ತಿರದ ಪರ್ಕಳದ ನಮ್ಮ ಮನೆಯ ಜಗಲಿಯಲ್ಲಿ, ಅಡಿಕೆ ಮರ ಸೀಳಿದ ಸಲಾಕೆಯ ಚೌಕಟ್ಟಿನೊಳಗೆ. ಎರಡು ವರ್ಷದ ಹಿಂದೆ ಈ ಚೌಕಟ್ಟಿನ ವಿಚಾರ ಹೇಳಿದಾಗ ನಮ್ಮ ಕ್ಯಾಮೆರಾ ಬಳಗದ ಹಿರಿಯರೊಬ್ಬರು, "ಜೇಡ ಏನು ನಿಮ್ಮ ಸೊಸೆಯಾ ಮಾರಾಯ್ರೆ, ತೋರಿಸಿದ ಕೋಣೆಯಲ್ಲಿ ಸಂಸಾರ ಮಾಡಲಿಕ್ಕೆ?" ಅಂತ ನಗಾಡಿದ್ದರು. ಮೊನ್ನೆ ಅವರೇ ಫೋನ್ ಮಾಡಿ ಅಳತೆ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ಸಹಿ ಜೇಡದ ಪರಿಚಯ ನಿಮಗೆ ಬೇಡ. ಮಳೆ ಕಡಿಮೆಯಾದ ಕೂಡಲೇ ಕೇಪಳದ ಪೊದೆ, ಕಮ್ಯುನಿಸ್ಟ್ ಗಿಡ, ಲಂಟಾನ, ಎಲ್ಲಿ ನೋಡಿದರೂ ಅದೇ. ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನ ಹಾಗೆ ಚಾಚಿ, ತಲೆ ಕೆಳಗೆ ಮಾಡಿ ಕೂತಿರುತ್ತದೆ. ಕಾಲಿನ ಗೆರೆಗೇ ಸೇರಿಸಿದ ಹಾಗೆ ಬಲೆಯಲ್ಲಿ ಬಿಳಿ ಅಂಕುಡೊಂಕು ಗೀಟು. ಅದೇ ಸಹಿ. ಹೊಟ್ಟೆಯ ಮೇಲೆ ಹಳದಿ, ಕಂದು, ಬಿಳಿ ಪಟ್ಟೆ, ಅಷ್ಟಮಿಗೆ ಹುಲಿವೇಷದವರು ಬಣ್ಣ ಬಳಿದುಕೊಂಡು ಬಂದ ಹಾಗೆ. ತಲೆಯ ಮೇಲೆ ಬೆಳ್ಳಿಯಂಥ ಸಣ್ಣ ರೋಮ. ಈ ಚಂದವೆಲ್ಲ ಹೆಣ್ಣಿಗೆ ಮಾತ್ರ. ಗಂಡು ಅದರ ಅರ್ಧವೂ ಇಲ್ಲ, ಬಲೆಯ ಅಂಚಿನಲ್ಲಿ ಕಸದ ಹಾಗೆ ನೇತಾಡುತ್ತಿರುತ್ತದೆ. ಮೊದಲ ವರ್ಷ ನಾನು ಅದನ್ನು ಮರಿ ಅಂದುಕೊಂಡಿದ್ದೆ.

ಕೂತ ಜೇಡದ ಫೋಟೋ ಯಾರಾದರೂ ತೆಗೆಯುತ್ತಾರೆ. ಬೇಟೆ ಬೇಕು ಅಂದರೆ ಬೇರೆ ಕತೆ. ಮೊದಲ ವರ್ಷ ಮಣಿಪಾಲದ ಎಂಡ್ ಪಾಯಿಂಟಿನ ಕಡೆ ಹದಿನಾಲ್ಕು ಹದಿನೈದು ಬೆಳಿಗ್ಗೆ ಕಳೆದೆ. ಕೆಳಗೆ ಸ್ವರ್ಣಾ ನದಿ ಚಂದ ಕಾಣುತ್ತದೆ, ಅದೊಂದೇ ಲಾಭ. ನಾನಿರುವಾಗ ಹುಳ ಬರುವುದಿಲ್ಲ. ಬಂದರೆ ಗಾಳಿ ಬರುತ್ತದೆ. ನಾನೇ ಮಿಡತೆ ಎಸೆದರೆ ಜೇಡ ಬಲೆಯನ್ನು ಉಯ್ಯಾಲೆಯ ಹಾಗೆ ಜೀಕಿ ಜೀಕಿ ತಾನೇ ಮಸುಕಾಗುತ್ತದೆ. ಇಲ್ಲದಿದ್ದರೆ ಬಲೆಯ ಆಚೆ ಬದಿಗೆ ದಾಟಿ ಬೆನ್ನು ಮರೆಸಿಕೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸಿಗೆ ಒಂಬತ್ತು ಸಾವಿರ ಕೊಟ್ಟಿದ್ದೆ. ಆಟಿ ತಿಂಗಳ ಮಳೆಗೆ ಒಳಗೆ ಬೂಷ್ಟು ಹಿಡಿಯಿತು. ಕ್ಲೀನ್ ಮಾಡಿಸಲು ಎರಡೂವರೆ ಸಾವಿರ. ಮರುವರ್ಷ ಆಟಿಗೆ ಪುನಃ ಬೂಷ್ಟು. ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಜೇಡದ ಹಿಂದೆ ನಾವು ಹೋಗುವ ಬದಲು ಅದನ್ನೇ ಮನೆಗೆ ತಂದರೆ? ಮೊದಲ ಚೌಕಟ್ಟು ಒಂದಡಿಯದ್ದು, ಎರಡೂ ಕಡೆ ಸೊಳ್ಳೆ ಬಲೆ. ನಾಲ್ಕು ದಿನ ಮೂಲೆಯಲ್ಲಿ ಕೂತಿತೇ ಹೊರತು ಒಂದು ಸುತ್ತು ನೇಯಲಿಲ್ಲ. ವಾಪಸ್ ಬಿಟ್ಟು ಬಂದೆ. ಎರಡನೆಯದಕ್ಕೆ ರಟ್ಟು ಹಾಕಿದೆ. ಬೆಳಿಗ್ಗೆ ನೋಡಿದರೆ ಜೇಡ ಇಲ್ಲ. ದೇವರ ಕೋಣೆಯ ಕಿಟಕಿಯಲ್ಲಿ ಒಳ್ಳೆ ದೊಡ್ಡ ಬಲೆ ಕಟ್ಟಿಕೊಂಡಿತ್ತು. ನಾನು ಕ್ಯಾಮೆರಾ ತರುವಷ್ಟರಲ್ಲಿ ಅಮ್ಮನ ಹಿಡಿಸೂಡಿ ಬಂದಾಗಿತ್ತು. ಮೂರನೆಯದು ಇರುವೆಗಳ ಪಾಲಾಯಿತು. ಆಮೇಲೆ ಚೌಕಟ್ಟಿನ ಕಾಲುಗಳನ್ನು ನೀರು ತುಂಬಿದ ಗೆರಟೆಯಲ್ಲಿ ಇಡಲು ಕಲಿತೆ.

ನಾಲ್ಕನೆಯದು ನಿಂತಿತು. ಒಳಗಿನ ಅಳತೆ ಎರಡಡಿಗೆ ಎರಡಡಿ, ದಪ್ಪ ನಾಲ್ಕೈದು ಇಂಚು. ದಪ್ಪ ಜಾಸ್ತಿಯಾದರೆ ಬಲೆಯನ್ನು ಓರೆಯಾಗಿ ಕಟ್ಟುತ್ತದೆ, ಫೋಕಸ್ ಹಾಳು. ಸಲಾಕೆಯ ಒರಟು ಬದಿ ಒಳಗೆ ಬರಬೇಕು, ನೂಲು ಕಚ್ಚಲು ಅದೇ ಬೇಕು. ಹಿಂದೆ ಮುಂದೆ ಗಾಜು. ಗಾಜಿನ ಒಳಬದಿಗೆ ಒಂದು ವಸ್ತು ಹಚ್ಚುತ್ತೇನೆ, ಅದರ ಮೇಲೆ ನೂಲು ನಿಲ್ಲುವುದಿಲ್ಲ. ಯಾವುದು ಅಂತ ಕೇಳಬೇಡಿ. ಅಡುಗೆ ಮನೆಯಿಂದ ಹಿಡಿದು ಸೈಕಲ್ ಅಂಗಡಿಯವರೆಗೆ ಏಳೆಂಟು ನೋಡಿ ಸಿಕ್ಕಿದ್ದು.

ಸಂಜೆ ಬಿಟ್ಟ ಜೇಡ ಎರಡು ರಾತ್ರಿ ಸುಮ್ನೆ ಅಲ್ಲಿ ಇಲ್ಲಿ ನೂಲು ಎಳೆಯಿತು. ನಾನು ದಿನಕ್ಕೆರಡು ಸಲ ನೀರು ಚಿಮುಕಿಸಿದೆ, ಹನಿಗಳನ್ನು ಕುಡಿಯಿತು. ಮೂರನೆಯ ದಿನ ಬೆಳಗಾಗುವ ಮೊದಲೇ ಪೂರ್ತಿ ಚಕ್ರ ತಯಾರು. ಗಾಜು ಜಾರಿಸಿ ತೆಗೆದೆ. ಕದಲಲಿಲ್ಲ. ಬಲೆ ಇರುವಲ್ಲಿ ಅದರ ಮನೆ, ಅಷ್ಟೇ. ರಾತ್ರಿ ಮಾತ್ರ ಗಾಜು ವಾಪಸ್ ಹಾಕಬೇಕು, ಹಳೆ ಬಲೆ ತಿಂದು ಹೊಸದು ನೇಯುವ ಹೊತ್ತಿಗೇ ಅದಕ್ಕೆ ಊರು ಬಿಡುವ ಯೋಚನೆ ಬರುವುದು.

ಇನ್ನುಳಿದದ್ದು ಮಕ್ಕಳ ಕೆಲಸ. ಹಿಂದೆ ಕಪ್ಪು ಬಟ್ಟೆ, ಪಕ್ಕದಿಂದ ಎಲ್‌ಇಡಿ, ಬಲೆಗೆ ಮೊದಲೇ ಕೂರಿಸಿದ ಫೋಕಸ್. ಬೂಷ್ಟಿನ ಲೆನ್ಸ್ ಕಪಾಟಿನಲ್ಲಿ, ಫೋನಿಗೆ ಕ್ಲಿಪ್ ಲೆನ್ಸ್, ಸೆಕೆಂಡಿಗೆ 240 ಫ್ರೇಮ್. ಗಾಜು ಎಂಟುನೂರು, ಒಂದು ಒಡೆದು ಪುನಃ ನಾನೂರು. ಲೈಟಿಗೆ ಸಾವಿರದ ಎಂಟುನೂರು ಇರಬೇಕು, ಕ್ಲಿಪ್ ಲೆನ್ಸಿಗೆ ಆರುನೂರೋ ಏಳುನೂರೋ. ಸಲಾಕೆ ತೋಟದ್ದೇ. ನಾಲ್ಕು ಸಾವಿರ ದಾಟಲಿಲ್ಲ.

ನಿಧಾನಗತಿಯಲ್ಲಿ ನೋಡಿದಾಗ ಗೊತ್ತಾದದ್ದು ಹೇಳುತ್ತೇನೆ. ಮಿಡತೆ ಬಿದ್ದ ಕೂಡಲೇ ಜೇಡ ಆ ಕಡೆ ತಿರುಗುತ್ತದೆ. ಕಣ್ಣು ಅಷ್ಟಕ್ಕಷ್ಟೆ, ಎಲ್ಲ ಕಾಲಿಗೆ ಬರುವ ಅದುರಿನ ಲೆಕ್ಕ. ಮಿಡತೆ ಅಲ್ಲಾಡದೆ ಬಿದ್ದಿದ್ದರೆ ನೂಲನ್ನು ಒಮ್ಮೆ ಮೀಟಿ ನೋಡುತ್ತದೆ. ಹತ್ತಿರ ಹೋದದ್ದೇ ಬೆನ್ನು ತಿರುಗಿಸಿ, ಹಿಂಗಾಲಿನಿಂದ ಹೊಟ್ಟೆಯ ತುದಿಯ ನೂಲನ್ನು ಎಳೆದೆಳೆದು ಮಿಡತೆಯ ಮೇಲೆ ಬೀಸುತ್ತದೆ. ಒಂದೆಳೆ ಅಲ್ಲ, ಅಗಲ ರಿಬ್ಬನ್ನಿನ ಹಾಗೆ ಬರುತ್ತದೆ. ಒದೆಯುವ ಕಾಲು ಕಟ್ಟಿ ಹಾಕಿದ ಮೇಲಷ್ಟೇ ಕಚ್ಚುವುದು.

ಪತಂಗಕ್ಕೆ ಈ ಲೆಕ್ಕ ಉಲ್ಟಾ. ಮೊದಲು ಕಚ್ಚಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಸುತ್ತುವುದು ಆಮೇಲೆ. ಪತಂಗದ ರೆಕ್ಕೆಯ ಹುಡಿ ಅಂಟಿಗೆ ಮೆತ್ತಿಕೊಂಡು ಪತಂಗ ಜಾರಿಹೋಗುತ್ತದಲ್ಲ, ಪುರುಸೊತ್ತು ಇಲ್ಲ. ನನ್ನ ನಲವತ್ತು ಚಿಲ್ಲರೆ ವಿಡಿಯೋಗಳಲ್ಲಿ ಪತಂಗದವು ಹನ್ನೆರಡೋ ಹದಿಮೂರೋ. ಎರಡು ಬಿಟ್ಟು ಎಲ್ಲದರಲ್ಲೂ ಹೀಗೆಯೇ. ಪುಸ್ತಕದಲ್ಲಿ ಓದುವುದು ಬೇರೆ, ನಮ್ಮ ಜಗಲಿಯಲ್ಲೇ ನೋಡುವುದು ಬೇರೆ.

ನಡುವೆ ಒಂದು ತಮಾಷೆ. 1880ರಲ್ಲಿ ಸಿ.ವಿ. ಬಾಯ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ತೋಟದ ಜೇಡದ ಬಲೆಗೆ ಟ್ಯೂನಿಂಗ್ ಫೋರ್ಕ್, ಅಂದರೆ ಬಡಿದರೆ ಅದುರುವ ಲೋಹದ ಕವೆ, ಮುಟ್ಟಿಸಿ, ಜೇಡ ಅದನ್ನು ನೊಣ ಅಂತ ಓಡಿ ಬಂದದ್ದನ್ನು ಬರೆದಿದ್ದರು. ಮೇಷ್ಟ್ರಾಗಿರುವ ಭಾವನಿಂದ ಒಂದು ಫೋರ್ಕ್ ಕೇಳಿ ತಂದೆ. ಮೊದಲ ಎರಡು ಸಲ ನಮ್ಮ ಜೇಡವೂ ಓಡಿ ಬಂತು, ಒಮ್ಮೆ ನೂಲು ಸುತ್ತಲೂ ಹೊರಟಿತು. ಮೂರನೆಯ ಸಲ ಅರ್ಧದಲ್ಲಿ ನಿಂತು ವಾಪಸ್. ಐದನೆಯದಕ್ಕೆ ಕಾಲೂ ಎತ್ತಲಿಲ್ಲ. ಬಿಳಿ ಗೀಟನ್ನೂ ಲೆಕ್ಕ ಇಟ್ಟೆ. ಒಂದು ದಿನ ನಾಲ್ಕು ಗೀಟು, ಮರುದಿನ ಒಂದು, ಕೆಲವು ದಿನ ಸಹಿಯೇ ಇಲ್ಲ. ಹೊಟ್ಟೆ ತುಂಬಿದ ಮರುದಿನ ಜಾಸ್ತಿ ಗೀಟು ಅಂತ ನನಗೆ ಕಂಡಿತು.

ಮಾಡಬಾರದ್ದು ಒಂದು ಮಾಡಿದೆ. ತುಡುವೆ ಜೇನುಹುಳವನ್ನು ಬಲೆಗೆ ಹಾಕಿದೆ. ಅದು ಜೇಡದ ಕಾಲಿಗೆ ಚುಚ್ಚಿತು. ನೋಡನೋಡುತ್ತಿದ್ದ ಹಾಗೆ ಜೇಡ ಆ ಕಾಲನ್ನು ಬುಡದಿಂದಲೇ ಕಳಚಿ ಬಿಟ್ಟಿತು, ವಿಷ ಮೈಗೆ ಏರದ ಹಾಗೆ. ಆಮೇಲೆ ಏಳು ಕಾಲಿನಲ್ಲೇ ಬೇಟೆ, ಗುಣಾಕಾರದ ಒಂದು ಮೂಲೆ ಸಪೂರ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಡಿಸೆಂಬರ್ ಕೊನೆಗೆ ಚೌಕಟ್ಟಿನ ಮೂಲೆಯಲ್ಲಿ ಮೊಟ್ಟೆಯ ಚೀಲ ಕಟ್ಟಿತು. ಹತ್ತು ಹನ್ನೆರಡು ದಿನಕ್ಕೆ ಜೇಡ ಸತ್ತಿತು. ಚೀಲವನ್ನು ಕೇಪಳದ ಪೊದೆಗೆ ಕಟ್ಟಿ ಬಂದೆ. ಆ ಹಿರಿಯರಿಗೆ ಅಳತೆ ಎಲ್ಲ ಕೊಟ್ಟಿದ್ದೇನೆ. ಗಾಜಿಗೆ ಹಚ್ಚುವುದು ಏನು ಅಂತ ಎರಡು ಸಲ ಕೇಳಿದರು. ಚಾ ಕುಡಿಯಲಿಕ್ಕೆ ಬನ್ನಿ ಅಂದೆ.